ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು?

ನಮಸ್ಕಾರ.

ನಾನು ಕೆಲವು ವರ್ಷ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ಮಾಡಿದ್ದೆ. ಅಲ್ಲಿ ಏಪ್ರಿಲ್, ಮೇ ಬಂತೆಂದರೆ ತಲೆನೋವು. ಮಕ್ಕಳಿಗೆ ಬೇಸಿಗೆ ರಜೆ, ಊರಲ್ಲಿ ಜಾತ್ರೆ, ನೆಂಟರ ಮನೆಯಲ್ಲಿ ಮದುವೆ. ಟೈಲರ್‌ಗಳಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಎಷ್ಟೋ ಜನ ಮಂಡ್ಯ, ತುಮಕೂರು, ರಾಮನಗರ ಕಡೆಯವರು. ನಾಲ್ಕು ದಿನ ಅಂತ ಊರಿಗೆ ಹೋದವರು ಹತ್ತು ದಿನ ಬಿಟ್ಟು ಬರುತ್ತಿದ್ದರು. ಲೈನಿನಲ್ಲಿ ಮೆಷಿನ್ ಖಾಲಿ, ಟಾರ್ಗೆಟ್ ಮುಗಿಯುವುದಿಲ್ಲ, ಸೂಪರ್‌ವೈಸರ್ ಕೂಗಾಟ.

ಒಂದು ವರ್ಷ ಮೇ ಕೊನೆಯಲ್ಲಿ ಮೇಲಿನವರು ಹಾಜರಾತಿ ಬೋನಸ್ ತಂದರು. ತಿಂಗಳಲ್ಲಿ ಒಂದು ದಿನವೂ ತಪ್ಪಿಸದೆ ಬಂದವರಿಗೆ ಸಂಬಳದ ಮೇಲೆ ಒಂದಿಷ್ಟು ದುಡ್ಡು. ಜೂನ್‌ನಲ್ಲಿ ಆಬ್ಸೆಂಟ್ ಇಳಿಯಿತು. ಗ್ರಾಫ್ ಮಾಡಿ ತೋರಿಸಿದ್ದು ನಾನೇ. ಮೀಟಿಂಗ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು.

ಎರಡು ಮೂರು ತಿಂಗಳಾದ ಮೇಲೆ ಬೇರೇನೋ ಹುಡುಕುತ್ತಾ ಹಳೆಯ ಹಾಜರಾತಿ ಲೆಕ್ಕ ತೆಗೆದೆ. ಹಿಂದಿನ ವರ್ಷದ ಜೂನ್‌ನಲ್ಲೂ ಆಬ್ಸೆಂಟ್ ಇಳಿದಿತ್ತು. ಅದರ ಹಿಂದಿನ ಜೂನ್‌ನಲ್ಲೂ ಇಳಿದಿತ್ತು. ಬೋನಸ್ ಇಲ್ಲದ ವರ್ಷಗಳು ಅವು. ಶಾಲೆ ಶುರುವಾಯಿತು, ಮಕ್ಕಳನ್ನು ಕರೆದುಕೊಂಡು ತಾಯಂದಿರು ವಾಪಸ್ ಬಂದರು, ಅಷ್ಟೇ.

ಹಾಗಾದರೆ ಬೋನಸ್‌ನಿಂದ ಏನೂ ಆಗಲಿಲ್ಲವಾ? ಅದನ್ನೂ ಹೇಳಲು ಬರುವುದಿಲ್ಲ. ಸ್ವಲ್ಪ ಸಹಾಯ ಆಗಿರಬಹುದು. ತೊಂದರೆಯೂ ಆಗಿರಬಹುದು. ಮಗುವಿಗೆ ಜ್ವರ ಅಂತ ಮೂರನೇ ತಾರೀಖು ಒಂದು ದಿನ ರಜೆ ಹಾಕಿದವಳಿಗೆ ಆ ತಿಂಗಳ ಬೋನಸ್ ಅಲ್ಲಿಗೇ ಹೋಯಿತು. ಮಿಕ್ಕ ದಿನ ತಪ್ಪದೆ ಬರಲು ಅವಳಿಗೆ ಆ ಬೋನಸ್‌ನಿಂದ ಯಾವ ಕಾರಣವೂ ಉಳಿಯಲಿಲ್ಲ. ಆದರೆ ಯಾವುದು ಎಷ್ಟು ಅಂತ ತಿಳಿಯುವ ದಾರಿಯನ್ನು ನಾವೇ ಮುಚ್ಚಿಬಿಟ್ಟಿದ್ದೆವು. ಯಾಕೆಂದರೆ ಎಲ್ಲಾ ಲೈನಿಗೂ ಒಂದೇ ದಿನ ಬೋನಸ್ ಕೊಟ್ಟಿದ್ದೆವು. ಹೋಲಿಸಿ ನೋಡಲು ಒಂದು ಲೈನೂ ಉಳಿದಿರಲಿಲ್ಲ. ಹಳೆಯ ಲೆಕ್ಕವನ್ನು ಮೇಲಿನವರಿಗೆ ತೋರಿಸಿದೆ. "ಇಳಿದಿದೆ ತಾನೇ, ಬಿಡಿ" ಅಂದರು.

ಆ "ಬಿಡಿ" ನನ್ನ ತಲೆಯಲ್ಲಿ ಇನ್ನೂ ಇದೆ. ನಮ್ಮ ಆಫೀಸುಗಳಲ್ಲಿ, ಫ್ಯಾಕ್ಟರಿಗಳಲ್ಲಿ ಲೆಕ್ಕಕ್ಕೇನೂ ಬರ ಇಲ್ಲ. ಗಂಟೆಗೊಮ್ಮೆ ಪೀಸ್ ಎಣಿಸುತ್ತೇವೆ, ಬೋರ್ಡಿನ ಮೇಲೆ ಬರೆಯುತ್ತೇವೆ. ಆದರೆ ಒಂದು ಪ್ರಶ್ನೆ ಮಾತ್ರ ಕೇಳುವುದಿಲ್ಲ: ಇದನ್ನು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಕೆಲಸ ಶುರು ಮಾಡುವ ಮೊದಲೇ ತಯಾರಿ ಬೇಕು, ಹೋಲಿಸಿ ನೋಡಲು ಕೆಲವರನ್ನು ಬಿಟ್ಟಿಟ್ಟು ಪರೀಕ್ಷೆ ಮಾಡಬೇಕು. ಆಮೇಲೆ ಎಷ್ಟು ಚೆಂದದ ಗ್ರಾಫ್ ಮಾಡಿದರೂ ಬರುವುದಿಲ್ಲ.

ಇದೆಲ್ಲಾ ವಿದೇಶದ ದೊಡ್ಡ ಯೂನಿವರ್ಸಿಟಿಗಳ ಮಾತು, ನಮ್ಮ ಶಾಪ್ ಫ್ಲೋರಿಗೆ ಆಗಿಬರುವುದಿಲ್ಲ ಅನ್ನುವವರಿದ್ದಾರೆ. ಅವರಿಗೆ ನಾನು ಹೇಳುವುದು, ಇಂಥ ಪರೀಕ್ಷೆಗಳಲ್ಲಿ ಅತ್ಯುತ್ತಮವಾದ ಕೆಲವು ನಡೆದಿರುವುದು ಬೆಂಗಳೂರಿನ ಗಾರ್ಮೆಂಟ್ಸ್ ಒಳಗೇ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಜೊತೆ ಸೇರಿ ವರ್ಷಗಟ್ಟಲೆ ಈ ಕೆಲಸ ಮಾಡಿದ್ದಾರೆ.

ಒಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ ರೂಪಿಸಿದ 'ಪೇಸ್' ಅಂತ ಒಂದು ತರಬೇತಿ ಇದೆ. ಹೊಲಿಗೆ ಕಲಿಸುವುದಲ್ಲ ಅದು. ಧೈರ್ಯವಾಗಿ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಒತ್ತಡ ನಿಭಾಯಿಸುವುದು, ತೊಂದರೆ ಬಂದಾಗ ಯೋಚಿಸಿ ತೀರ್ಮಾನಿಸುವುದು. ಹೆಚ್ಚು ಕಡಿಮೆ ಒಂದು ವರ್ಷ, ಸುಮಾರು 80 ಗಂಟೆ. ಯಾವ ಫ್ಲೋರ್ ಇನ್‌ಚಾರ್ಜ್‌ಗೆ ಹೇಳಿದರೂ ಮುಖ ಸಿಂಡರಿಸುತ್ತಾರೆ. "ಮೆಷಿನ್ ಬಿಟ್ಟು ಕ್ಲಾಸಿನಲ್ಲಿ ಕೂತರೆ ಪ್ರೊಡಕ್ಷನ್ ಯಾರು ಕೊಡುತ್ತಾರೆ? ಮಾತಾಡುವುದು ಕಲಿತರೆ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ." ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಶಿಪ್‌ಮೆಂಟ್ ತಪ್ಪಿದರೆ ಬೈಸಿಕೊಳ್ಳುವವರು ಅವರೇ.

ಇಲ್ಲಿ ಮಾಡಿದ್ದು ಏನು ಗೊತ್ತಾ? ಕಲಿಯಲು ಇಷ್ಟ ಇದೆ ಅಂದವರ ಹೆಸರು ಬರೆದುಕೊಂಡರು. ಸೀಟಿಗಿಂತ ಹೆಸರು ಜಾಸ್ತಿ ಆದವು. ಲಾಟರಿ ಎತ್ತಿದರು. ಹೆಸರು ಬಂದವರೂ ಬರದವರೂ ಇಬ್ಬರೂ ಕಲಿಯಬೇಕು ಅಂದುಕೊಂಡವರೇ. ಬೇರೆ ಮಾಡಿದ್ದು ಅದೃಷ್ಟ ಒಂದೇ. ಹಾಗಾಗಿ ಆಮೇಲೆ ಇಬ್ಬರ ನಡುವೆ ವ್ಯತ್ಯಾಸ ಕಂಡರೆ ಅದನ್ನು ಜೂನ್ ತಿಂಗಳ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ, "ಅವರು ಮೊದಲೇ ಚುರುಕಾಗಿದ್ದರು" ಅನ್ನಲೂ ಆಗುವುದಿಲ್ಲ.

ತರಬೇತಿ ಪಡೆದವರ ಕೆಲಸ ಸ್ಪಷ್ಟವಾಗಿ ಜಾಸ್ತಿ ಆಯಿತು. ಅವರ ಲೈನಿನಲ್ಲಿ ಕ್ಲಾಸಿಗೆ ಹೋಗದವರ ಕೆಲಸವೂ ಮೇಲೇರಿತು. ಲೈನ್ ಅಂದರೆ ಹಾಗೇ ಅಲ್ವಾ, ಕಾಲರ್ ಹೊಲಿಯುವವಳು ಸರಾಗವಾಗಿ ಪೀಸ್ ಕೊಟ್ಟರೆ ಮುಂದಿನವಳ ಕೈಯೂ ಓಡುತ್ತದೆ. ತರಬೇತಿ ಮುಗಿದು 8 ತಿಂಗಳಿಗೆ ಕಂಪನಿ ಹಾಕಿದ ದುಡ್ಡಿನ ಮೇಲೆ ಬಂದ ನಿವ್ವಳ ಲಾಭ ಶೇಕಡಾ 250ಕ್ಕೂ ಹೆಚ್ಚು. ಕಲಿತವರು ಬಿಟ್ಟು ಹೋಗುತ್ತಾರೆ ಅನ್ನುವ ಭಯವೂ ನಿಜವಾಗಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ತರಬೇತಿಯಿಂದ ಅವರ ಸಂಬಳ ಏರಿದ್ದು ಸುಮಾರು ಶೇಕಡಾ 0.5 ಮಾತ್ರ. ಕಲಿತವರು ಅವರು, ದುಡಿದವರು ಅವರು, ಕಂಪನಿಗೆ ಇಷ್ಟು, ಅವರಿಗೆ ಅಷ್ಟು. ಸಾಕ್ಷ್ಯ ಸಾಕ್ಷ್ಯ ಅನ್ನುವ ನಾವು ಈ ಅಂಕಿಯನ್ನೂ ಅಷ್ಟೇ ಜೋರಾಗಿ ಹೇಳಬೇಕು. ಇದನ್ನು ಬರೆದು ಮುಚ್ಚಿಡದ ಸಂಶೋಧಕರ ಮೇಲೆ ನನಗೆ ಗೌರವ ಇದೆ. ನಾನು ಎಚ್‌ಆರ್‌ನಲ್ಲಿದ್ದಾಗ ಇಂಥ ಒಂದು ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿ ಇರಲೇ ಇಲ್ಲ. ಇರಬೇಕಿತ್ತು.

ಎಲ್ಲದಕ್ಕೂ ಲಾಟರಿ ಬೇಕು ಅಂತಲೂ ಇಲ್ಲ. ಹೊಲಿಗೆ ಮೆಷಿನ್ ಪಕ್ಕದ ದೀಪದ ವಿಷಯ ನೋಡಿ. ಬೆಂಗಳೂರಿನ ಸುತ್ತಮುತ್ತ ಫ್ಯಾಕ್ಟರಿಗಳಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದರು. ಎಲ್ಲಾ ಕಡೆ ಒಂದೇ ದಿನ ಹಾಕಲಿಲ್ಲ, ಒಂದಾದ ಮೇಲೆ ಒಂದು ಕಡೆ ಹಾಕುತ್ತಾ ಹೋದರು. ಕರೆಂಟ್ ಬಿಲ್ ಉಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ದಿನದಿನದ ಪ್ರೊಡಕ್ಷನ್ ಲೆಕ್ಕವನ್ನು ಹವಾಮಾನದ ಲೆಕ್ಕದ ಪಕ್ಕ ಇಟ್ಟಾಗ ಇನ್ನೊಂದು ಕಂಡಿತು. ಬಿಸಿಲು ಏರಿದ ದಿನ ಕೆಲಸ ಕುಸಿಯುತ್ತಿತ್ತು. ಎಲ್‌ಇಡಿ ಬಂದ ಕಡೆ ಆ ಕುಸಿತ ಕಡಿಮೆ. ಹಳೆಯ ದೀಪದ ಕಾವು ಹೋಗಿತ್ತು. ಈ ಲಾಭವನ್ನೂ ಸೇರಿಸಿದರೆ ದೀಪಕ್ಕೆ ಹಾಕಿದ ದುಡ್ಡು ವಾಪಸ್ ಬರುವ ಸಮಯ, ಬರೀ ಕರೆಂಟ್ ಉಳಿತಾಯ ಲೆಕ್ಕ ಹಾಕಿದಾಗ ಬೇಕಾಗುವ ಸಮಯದ ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯಿತು.

ಆ ದೀಪದ ಕೆಳಗೆ ಕೂತು ಹೊಲಿಯುತ್ತಿದ್ದವರಿಗೆ ಸೆಖೆ ಏನು ಅಂತ ಮೊದಲೇ ಗೊತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದನ್ನು ಹೇಳುವಾಗ ನನಗೆ 2016ರ ಏಪ್ರಿಲ್ 18, 19 ನೆನಪಾಗುತ್ತದೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೊಮ್ಮನಹಳ್ಳಿಯಲ್ಲಿ, ಪೀಣ್ಯದ ಕಡೆ, ಸಾವಿರಾರು ಹೆಂಗಸರು ಕೆಲಸ ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು. 19ನೇ ತಾರೀಖೇ ನಿಯಮ ವಾಪಸ್ ಆಯಿತು. ಮುದುಕರಾದಾಗ ಕೈಯಲ್ಲಿ ದುಡ್ಡಿರಲಿ ಅನ್ನುವ ಉದ್ದೇಶ ಕೆಟ್ಟದ್ದಲ್ಲ. ಆದರೆ ಒಬ್ಬ ಟೈಲರ್ ತನ್ನ ಪಿಎಫ್ ಯಾವಾಗ ತೆಗೆಯುತ್ತಾಳೆ, ಯಾಕೆ ತೆಗೆಯುತ್ತಾಳೆ? ಮಗಳ ಮದುವೆ, ಶಾಲೆ ಫೀಸು, ಊರಿನ ಮನೆಗೊಂದು ಚಾವಣಿ. ನಾನು ಕೆಲಸ ಮಾಡಿದ ಕಡೆ ಪಿಎಫ್‌ಗೋಸ್ಕರವೇ ರಾಜೀನಾಮೆ ಕೊಡುವವರನ್ನು ನೋಡಿದ್ದೇನೆ. ಇದು ಯಾವ ಲೈನಿನಲ್ಲಿ ಕೇಳಿದರೂ ಐದು ನಿಮಿಷದಲ್ಲಿ ತಿಳಿಯುವ ವಿಷಯ.

ಕೇಳುವುದರಿಂದ ಏನಾಗುತ್ತದೆ ಅಂತಲೂ ಪರೀಕ್ಷೆ ಆಗಿದೆ. ಅಧ್ವರ್ಯು, ನೈಷಧಂ ಮತ್ತು ತೆರೇಸಾ ಮೊಲಿನಾ ಮಾಡಿದ್ದು, ಇಂಥದೇ ಗಾರ್ಮೆಂಟ್ಸ್. ಒಂದು ವರ್ಷ ಸಂಬಳ ಏರಿತು, ಆದರೆ ಜನ ಅಂದುಕೊಂಡಷ್ಟು ಏರಲಿಲ್ಲ. ಬೇಜಾರು ಹರಡಿತು. ಆಗ ಲಾಟರಿಯಲ್ಲಿ ಕೆಲವರನ್ನು ಆರಿಸಿ ಹೆಸರು ಕೇಳದೆ ಅಭಿಪ್ರಾಯ ಕೇಳಿದರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಖುಷಿಯಾಗಿದ್ದೀರಾ. ಯಾರನ್ನು ಹೀಗೆ ಕೇಳಿದರೋ ಅವರಲ್ಲಿ ಕೆಲಸ ಬಿಟ್ಟವರು ಉಳಿದವರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆ. ಆದರೆ ಸುಮ್ನೆ ಕೇಳಿ ಕೈತೊಳೆದುಕೊಂಡರೆ ಸಾಕು ಅಂತ ಯಾರೂ ಇದನ್ನು ಓದಿಕೊಳ್ಳಬಾರದು. ಕೇಳಿದ ಮೇಲೆ ಉತ್ತರಕ್ಕೆ ಏನಾದರೂ ಮಾಡಬೇಕು. ಇದು ಅಧ್ಯಯನದ ಮಾತಲ್ಲ, ನನ್ನ ಮಾತು.

ಅನುಭವಕ್ಕೆ ಬೆಲೆ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಆದರೆ ಅನುಭವಸ್ಥರಿಗೂ ಅವರವರ ಕಷ್ಟ ಇರುತ್ತದೆ. ಅಧ್ವರ್ಯು, ನೈಷಧಂ ಮತ್ತು ಜೊತೆಗಾರರ ಇನ್ನೊಂದು ಅಧ್ಯಯನದಲ್ಲಿ ಯಾವ ಸೂಪರ್‌ವೈಸರ್‌ಗೆ ತರಬೇತಿ ಕೊಟ್ಟರೆ ಜಾಸ್ತಿ ಲಾಭ ಅಂತ ಮ್ಯಾನೇಜರ್‌ಗಳನ್ನು ಕೇಳಿದರು. ಆಮೇಲೆ ಲಾಟರಿ ಎತ್ತಿ ತರಬೇತಿ ಕೊಟ್ಟರು. ಪ್ರೊಡಕ್ಷನ್ ಜಾಸ್ತಿ ಆಗಿದ್ದು ಮ್ಯಾನೇಜರ್‌ಗಳು ಪಟ್ಟಿಯಲ್ಲಿ ಕೆಳಗೆ ಇಟ್ಟಿದ್ದವರ ಲೈನಿನಲ್ಲಿ. ಮೇಲೆ ಇಟ್ಟಿದ್ದವರ ವಿಷಯದಲ್ಲಿ ಆದ ಲಾಭ ಬೇರೆ: ಅವರು ಕೆಲಸ ಬಿಟ್ಟು ಹೋಗುವುದು ಕಡಿಮೆ ಆಯಿತು. ಸೂಪರ್‌ವೈಸರ್ ಬಿಟ್ಟು ಹೋದರೆ ಹೊಸಬರನ್ನು ಹುಡುಕಿ ತಯಾರು ಮಾಡುವ ಹೊರೆ ಬೀಳುವುದು ಮ್ಯಾನೇಜರ್ ತಲೆಗೇ. ಮ್ಯಾನೇಜರ್‌ಗಳು ತಮ್ಮ ಆ ಕಷ್ಟ ಕಡಿಮೆ ಮಾಡುವ ಹೆಸರುಗಳನ್ನೇ ಸರಿಯಾಗಿ ಮೇಲೆ ಇಟ್ಟಿದ್ದರು. ಕಂಪನಿ ಕೇಳಿದ ಪ್ರಶ್ನೆ ಮಾತ್ರ ಬೇರೆ ಇತ್ತು.

ಒಮ್ಮೆ ಕಲಿತರೆ ಮುಗಿಯಿತು ಅನ್ನುವುದೂ ಇಲ್ಲ. ಮುಂಬೈ ಹತ್ತಿರದ ತಾರಾಪುರ, ಉಂಬರಗಾಂವ್ ಕಡೆಯ ಬಟ್ಟೆ ಮಿಲ್ಲುಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು 2008ರಲ್ಲಿ ಶುರು ಮಾಡಿದ ಪ್ರಯೋಗ ಇದೆ. ಕೆಟ್ಟ ಮಾಲು ಎಲ್ಲಿಂದ ಬರುತ್ತಿದೆ ಬರೆದಿಡಿ, ಬಿಡಿಭಾಗ ಜೋಡಿಸಿಡಿ, ಮೆಷಿನ್ ಕೆಡುವ ಮೊದಲೇ ನೋಡಿಕೊಳ್ಳಿ, ಇಂಥವೇ ಸಲಹೆ. ಒಂದೇ ವರ್ಷದಲ್ಲಿ ಉತ್ಪಾದಕತೆ ಶೇಕಡಾ 17 ಏರಿತು. ಸುಮಾರು 9 ವರ್ಷದ ಮೇಲೆ ಮತ್ತೆ ಹೋಗಿ ನೋಡಿದರೆ, ರೂಢಿಗೆ ಬಂದಿದ್ದ ಪದ್ಧತಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾಗಿದ್ದು ಒಂದು ಕಾರಣ. ಇದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ನಮ್ಮಲ್ಲಿ ಒಬ್ಬರು ಹೋದರೆ ಅವರ ಜೊತೆ ಅವರ ರಿಜಿಸ್ಟರೂ ಹೋಗುತ್ತದೆ.

ಕೊನೆಯದಾಗಿ ಒಂದು ಆಕ್ಷೇಪ. ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿದ್ದರೆ ಅನ್ಯಾಯ ಅಲ್ವಾ? ನನ್ನ ಮನಸ್ಸಿಗೂ ಇದು ತುಂಬಾ ದಿನ ಕಾಡಿದೆ. ಆದರೆ ನಾವು ಈಗ ಹೇಗೆ ಕೊಡುತ್ತೇವೆ? ಸೂಪರ್‌ವೈಸರ್‌ಗೆ ಬೇಕಾದವರಿಗೆ ಮೊದಲು. ಅದಕ್ಕಿಂತ ಚೀಟಿ ಎತ್ತುವುದು ನ್ಯಾಯವಾಗಿಯೇ ಇದೆ. ಚೀಟಿ ನಮ್ಮ ಲೈನಿನ ಹೆಂಗಸರಿಗೆ ಹೊಸದಲ್ಲ. ಸಂಬಳದ ದಿನ ಊಟದ ಹೊತ್ತಿನಲ್ಲಿ ಕೂತು ಎತ್ತುತ್ತಾರೆ. ಈ ತಿಂಗಳು ಬರದಿದ್ದರೆ ಮುಂದೆ ಬಂದೇ ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಯಾರೂ ಜಗಳ ಆಡುವುದಿಲ್ಲ.

ಆ ಫ್ಯಾಕ್ಟರಿಗೆ ಇವತ್ತು ವಾಪಸ್ ಹೋದರೆ ನಾನು ಆ ಬೋನಸ್ಸನ್ನು ಹೀಗೆ ಮಾಡುತ್ತೇನೆ. 12 ಲೈನು ಇದ್ದರೆ 12 ಚೀಟಿ ಬರೆದು ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಮೊದಲು ಬಂದ 6 ಲೈನಿಗೆ ಜೂನ್‌ನಿಂದ, ಉಳಿದ 6ಕ್ಕೆ ಸೆಪ್ಟೆಂಬರ್‌ನಿಂದ ಅಂತ ಎಲ್ಲರೆದುರೇ ಹೇಳುತ್ತೇನೆ. ಶೀಟಿನಲ್ಲಿ ಆಬ್ಸೆಂಟ್ ಜೊತೆಗೆ ಇನ್ನೊಂದು ಕಾಲಂ, ಪ್ರತಿಯೊಬ್ಬರ ಕೈಗೆ ಆ ತಿಂಗಳು ಬಂದ ದುಡ್ಡು. ಡಬ್ಬಿಗೆ ಕೈ ಹಾಕಿ ಮೊದಲ ಚೀಟಿ ತೆಗೆಯಲು ಲೈನಿನಿಂದಲೇ ಒಬ್ಬ ಟೈಲರ್‌ನ ಕರೆಯುತ್ತೇನೆ.