ಎತ್ತರಕ್ಕೆ ಬೆಲೆ ಕಟ್ಟೋದು ಹೇಗೆ? ಟೇಬಲ್ ಮೇಲಿನ ವಿಮಾನ ಕಾಳಗಕ್ಕೆ ನಮ್ಮದೇ ನಿಯಮ

ದಾವಣಗೆರೆಯಿಂದ ನಮಸ್ಕಾರ್ರಿ. ಇವತ್ತು ಟೇಬಲ್ ಮೇಲೆ ಎರಡೇ ವಿಮಾನ. ಈ ಪುಟ್ಟದು ನ್ಯಾಟ್. ವಿನ್ಯಾಸ ಬ್ರಿಟನ್ನಿನದು, ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಯ್ತು. ಎದುರಿಗಿರೋದು ಅಮೆರಿಕದ ಸೇಬರ್, ಪಾಕಿಸ್ತಾನದ ವಾಯುಪಡೆ ಹಾರಿಸ್ತಿದ್ದದ್ದು. 1965ರ ಯುದ್ಧದಲ್ಲಿ ಇವೆರಡೂ ಮುಖಾಮುಖಿ ಆಗಿದ್ವು.

ಎತ್ತರದ ನಿಯಮ ಬರೆಯೋಕೆ ಕೂತವರು ಮೊದಲು ಬರೆಯೋದು ಸಾಮಾನ್ಯವಾಗಿ ಹೀಗೆ: ಒಂದು ಮೆಟ್ಟಿಲು ಇಳಿದ್ರೆ ವೇಗ ಒಂದು ಹೆಚ್ಚು, ಒಂದು ಮೆಟ್ಟಿಲು ಹತ್ತಿದ್ರೆ ಒಂದು ಕಮ್ಮಿ. ಓದೋಕೆ ಚೆಂದ. ಆಡಿ ನೋಡ್ರಿ, ಐದನೇ ಸುತ್ತಿನ ಹೊತ್ತಿಗೆ ಎರಡೂ ವಿಮಾನ ನೆಲಕ್ಕಂಟಿಕೊಂಡು ಗಾಣದ ಎತ್ತಿನ ಹಾಗೆ ಸುತ್ತುತಿರ್ತವೆ. ಎರಡು ಮೆಟ್ಟಿಲು ಹತ್ತಿದ್ರೆ ಅರ್ಧ ವೇಗ ಹೋಯ್ತು ಅಂದ್ರೆ ಯಾರು ಹತ್ತುತಾರೆ? ಎತ್ತರ ಅನ್ನೋದು ಕೂಡಿಟ್ಟ ಗಂಟು, ವೇಗ ಕೈಖರ್ಚಿನ ಕಾಸು. ಎರಡರ ನಡುವಿನ ದರ ತಪ್ಪಿದ್ರೆ ಆಟ ಚಪ್ಪಟೆ ಆಗುತ್ತೆ.

ದರ ಹುಡುಕೋಕೆ ಮೊದಲು ಅಳತೆ ಗೊತ್ತು ಮಾಡ್ಕೊಳ್ರಿ. ಹಾಸಿನ ಮೇಲಿನ ಆರು ಮೂಲೆಯ ಒಂದು ಮನೆ 200 ಮೀಟರ್, ಒಂದು ಸುತ್ತು 4 ಸೆಕೆಂಡ್, ಎತ್ತರದ ಒಂದು ಮೆಟ್ಟಿಲು 300 ಮೀಟರ್. ವೇಗ 4 ಅಂದ್ರೆ ಸುತ್ತಿಗೆ 4 ಮನೆ, ಅಂದ್ರೆ ಗಂಟೆಗೆ 720 ಕಿಲೋಮೀಟರ್. 300 ಮೀಟರ್ ಅಂದ್ರೆ ಎಷ್ಟು ದಪ್ಪ ಅಂತ ಅಂದಾಜು ಬೇಕಾದ್ರೆ ಚಿತ್ರದುರ್ಗದ ಕೋಟೆ ಬೆಟ್ಟ ನೆನಪು ಮಾಡ್ಕೊಳ್ರಿ. ಬುಡದಿಂದ ನೆತ್ತಿವರೆಗೆ ಇಡೀ ಬೆಟ್ಟ ಒಂದೇ ಮೆಟ್ಟಿಲೊಳಗೆ ಮುಗಿಯುತ್ತೆ.

ಈಗ ಲೆಕ್ಕ. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗವನ್ನ 19.6ರಿಂದ ಭಾಗಿಸ್ರಿ. ಆ ವೇಗ ಎಷ್ಟು ಮೀಟರ್ ಎತ್ತರಕ್ಕೆ ಸಮ ಅನ್ನೋದು ಬರುತ್ತೆ. ವೇಗ 2ಕ್ಕೆ ಸುಮಾರು 510 ಮೀಟರ್, 3ಕ್ಕೆ 1,150, 4ಕ್ಕೆ 2,040, 5ಕ್ಕೆ 3,190, 6ಕ್ಕೆ 4,590. ಒಂದರಿಂದ ಇನ್ನೊಂದನ್ನ ಕಳೆದು 300ರಿಂದ ಭಾಗಿಸ್ರಿ: 2.1, 3, 3.8, 4.7. ಹತ್ತಿರದ ಪೂರ್ಣ ಸಂಖ್ಯೆ ಹಿಡಿದ್ರೆ 2, 3, 4, 5. ವೇಗ 2ರಿಂದ 3ಕ್ಕೆ ಹೋಗೋಕೆ 2 ಮೆಟ್ಟಿಲು ಇಳೀಬೇಕು, 3ರಿಂದ 4ಕ್ಕೆ 3, 4ರಿಂದ 5ಕ್ಕೆ 4. ಈಗಿನ ವೇಗ ಎಷ್ಟೋ ಅಷ್ಟು ಮೆಟ್ಟಿಲು! ಕೋಷ್ಟಕ ಬೇಡ, ಬಾಯಲ್ಲೇ ಇರುತ್ತೆ. ಮೆಟ್ಟಿಲಿಗೆ 300 ಮೀಟರೇ ಯಾಕೆ ಅಂದ್ರೆ ಇದಕ್ಕೇ. 500 ಇಟ್ರೆ ಪ್ರತಿ ಸಲ ಭಿನ್ನರಾಶಿ ಬಿಡಿಸ್ತಾ ಕೂರಬೇಕು.

ಇದನ್ನ ಟೇಬಲ್ ಮೇಲೆ ಎಣಿಸೋಕೆ ಹುಣಸೆ ಬೀಜ ಸಾಕು. ಒಂದು ಮೆಟ್ಟಿಲು ಇಳಿದ್ರೆ ಒಂದು ಬೀಜ ತಗೊಳ್ರಿ. ಬೀಜ ಈಗಿನ ವೇಗದಷ್ಟಾದ್ರೆ ಅಷ್ಟನ್ನೂ ವಾಪಸ್ ಹಾಕಿ ವೇಗ ಒಂದು ಏರಿಸ್ರಿ. ಹತ್ತೋವಾಗ ಮೆಟ್ಟಿಲಿಗೊಂದು ಬೀಜ ಕೊಡಬೇಕು. ಕೈಯಲ್ಲಿ ಬೀಜ ಇಲ್ಲದಿದ್ರೆ ವೇಗ ಒಂದು ಮುರಿಸ್ರಿ, ಮುರಿಸಿದ ಮೇಲೆ ಉಳಿದ ವೇಗ ಎಷ್ಟೋ ಅಷ್ಟು ಬೀಜ ಸಿಗುತ್ತೆ. 5ರಿಂದ 4ಕ್ಕೆ ಬಂದ್ರೆ 4. ಬೀಜವನ್ನ ವೇಗ ಮಾಡೋ ಲೆಕ್ಕ ಸುತ್ತಿನ ಕೊನೆಗೆ ಮಾತ್ರ. ಇಲ್ಲದಿದ್ರೆ ಮುರಿಸಿದ ತಕ್ಷಣ 4 ಬೀಜ, ವೇಗ 4, ಮತ್ತೆ 5 ಅಂತ ಅಲ್ಲಲ್ಲೇ ಗಿರಕಿ ಹೊಡೆಯುತ್ತೆ.

ಒಂದು ಮೆಟ್ಟಿಲು ಇಳಿಯೋಕೋ ಹತ್ತೋಕೋ ಒಂದು ಮನೆಯ ನಡೆ ಬಿಟ್ಟುಕೊಡಬೇಕು. ಒಂದು ಸುತ್ತಿಗೆ ವೇಗದ ಅರ್ಧಕ್ಕಿಂತ ಹೆಚ್ಚು ಮೆಟ್ಟಿಲು ಇಲ್ಲ. ಬೆಸ ಸಂಖ್ಯೆ ಬಂದ್ರೆ ಮೇಲಿನದಕ್ಕೆ ಹಿಡೀರಿ. ಈ ಮಿತಿ ಮರೆತ್ರೆ ಸೇಬರ್ ಲಿಫ್ಟಿನ ಹಾಗೆ ನೆಟ್ಟಗೆ ಇಳಿದು ನ್ಯಾಟ್ ತಲೆ ಮೇಲೆ ಕೂರುತ್ತೆ.

60 ಡಿಗ್ರಿಯ ಒಂದು ತಿರುವಿಗೆ ವೇಗ 3ರವರೆಗೆ 1 ಬೀಜ ಖರ್ಚು, 4 ಮತ್ತು ಮೇಲೆ 2. ವೇಗ 4ರಲ್ಲಿ 4 ಸೆಕೆಂಡಿಗೆ 60 ಡಿಗ್ರಿ ತಿರುಗಿದ್ರೇ ಪೈಲಟ್ ಮೇಲೆ ಐದು ಜಿಗಿಂತ ಜಾಸ್ತಿ, ಅಂದ್ರೆ ಅವನ ತೂಕದ ಐದು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತೆ. ಅದೇ ಸುತ್ತಲ್ಲಿ ಇನ್ನೊಂದು ತಿರುವು ಅಂದ್ರೆ ಹತ್ತು ದಾಟುತ್ತೆ, ಹಾಗಾಗಿ ಆ ವೇಗದಲ್ಲಿ ಒಂದೇ ತಿರುವು.

ಎಂಜಿನ್ ಪಾಲು: ನೇರ ಹಾರಿದ್ರೆ ಅಥವಾ ಹತ್ತಿದ್ರೆ ನ್ಯಾಟ್‌ಗೆ ಪ್ರತಿ ಸುತ್ತಿಗೆ 1 ಬೀಜ, ಸೇಬರ್‌ಗೆ ಎರಡು ಸುತ್ತಿಗೆ 1. ಇಳಿಯೋವಾಗ ಇಬ್ಬರಿಗೂ ಇಲ್ಲ. ನ್ಯಾಟ್ ಮೇಲೇರೋದ್ರಲ್ಲಿ ಬಲು ಚುರುಕು, ಆ ವ್ಯತ್ಯಾಸ ಇಲ್ಲಿ ಕಾಣಲೇಬೇಕು. ಅದರ ಎರಡು 30 ಮಿಲಿಮೀಟರ್ ತೋಪುಗಳು 1965ರಲ್ಲಿ ಕಚ್ಚಿಕೊಂಡು ಕೈಕೊಟ್ಟಿದ್ದೂ ಉಂಟು. ದಾಳದಲ್ಲಿ 1 ಬಿದ್ರೆ ತೋಪು ಬಂದ್, ಅಷ್ಟು ಸಾಕು.

ಈಗ ಟೇಬಲ್ ಹತ್ತಿರದಿಂದ ನೋಡ್ರಿ. ಸೇಬರ್ 8ನೇ ಮೆಟ್ಟಿಲು, ವೇಗ 4. ಎರಡು ಸುತ್ತು ಎರಡೆರಡು ಇಳೀತು: 4ನೇ ಮೆಟ್ಟಿಲು, 4 ಬೀಜ, ವೇಗ 5. ಕೆಳಗೆ 3ರಲ್ಲಿರೋ ನ್ಯಾಟ್‌ಗೆ ಗುಂಡು ಹಾರಿಸ್ತು. ಮೂರನೇ ಸುತ್ತಲ್ಲಿ ವೇಗ ಮುರಿಸಿ 4 ಬೀಜ ತಗೊಂಡು 2 ಹತ್ತಿತು, ನಾಲ್ಕರಲ್ಲಿ ಇನ್ನೆರಡು. ಮತ್ತೆ 8, ಮತ್ತೆ ವೇಗ 4, ಮೇಲೆ ಎಂಜಿನ್ನಿನ ಒಂದು ಬೀಜ ಉಳಿತಾಯ. ಆದ್ರೆ ಗುಂಡು ತಪ್ತು ಅಂತ ನ್ಯಾಟ್ ಹಿಂದೆ ಒಂದೇ ಒಂದು ತಿರುವು ತಗೊಂಡ್ರೆ 2 ಬೀಜ ಖರ್ಚು, ವಾಪಸ್ ಬರೋದು 7ಕ್ಕೆ. ಎರಡನೇ ಸಲ ಆಸೆ ಬಿದ್ರೆ 6ಕ್ಕೆ. ಅಷ್ಟರಲ್ಲಿ ನ್ಯಾಟ್ ಸುತ್ತಿಗೊಂದು ಬೀಜ ಕೂಡಿಸ್ತಾ ಕಾಯ್ತಿರುತ್ತೆ. ಆಟದ ಮಜಾ ಇರೋದೇ ಈ ಆಸೆಯಲ್ಲಿ.

ಎತ್ತರ ತೋರಿಸೋಕೆ ಉದ್ದನೆ ಕಡ್ಡಿ ಬೇಡ. ದಾವಣಗೆರೆ ಬೇಸಿಗೇಲಿ ಫ್ಯಾನ್ ಆರಿಸೋಕಾಗಲ್ಲ, ಹಾಕಿದ್ರೆ ಕಡ್ಡಿ ಮೇಲಿನ ವಿಮಾನ ನಿಲ್ಲಲ್ಲ. ಇಸ್ಪೀಟ್ ಎಲೆ ತಗೊಳ್ರಿ. ಎಕ್ಕದಿಂದ ರಾಣಿವರೆಗೆ 12 ಮೆಟ್ಟಿಲು, ನಾಲ್ಕು ಬಣ್ಣಕ್ಕೆ ನಾಲ್ಕು ವಿಮಾನ. ರಾಜ ಡಬ್ಬಿಯಲ್ಲೇ ಇರಲಿ. ಎಲೆಯಿಂದ ಇನ್ನೊಂದು ಲಾಭ: ಎದುರಾಳಿ ಎಲ್ಲಿಗೆ ಬಂದ ಅಂತ ನೋಡ್ಕೊಂಡು ಕೊನೇ ಗಳಿಗೇಲಿ ಒಂದು ಮೆಟ್ಟಿಲು ಜಾರಿಕೊಳ್ಳೋ ಚಾಳಿ ಎಲ್ಲ ಕಡೆ ಇರುತ್ತೆ. ಸುತ್ತು ಶುರುವಾಗೋ ಮೊದಲೇ ಇಬ್ಬರೂ ಎಲೆ ಬೋರಲು ಇಡ್ರಿ, ಒಟ್ಟಿಗೆ ತಿರುಗಿಸ್ರಿ. ಆಮೇಲೆ ಸುತ್ತಿನ ಶುರುವಿನಲ್ಲಿ ಕೆಳಗಿದ್ದವನು ಮೊದಲು ನಡೀಬೇಕು, ಮೇಲಿದ್ದವನು ನೋಡಿ ನಡೀಬಹುದು. ಮಂಡಕ್ಕಿ ಒಗ್ಗರಣೆ ತಿಂದ ಕೈಯಲ್ಲಿ ಮಾತ್ರ ಎಲೆ ಮುಟ್ಟಬೇಡ್ರಿ, ಎಣ್ಣೆ ಗುರುತು ಹಿಂದಿನಿಂದಲೇ ಎತ್ತರ ಹೇಳಿಬಿಡುತ್ತೆ.

ಟೇಬಲ್ ಮೇಲೆ ಹಾಸೋಕೆ ಹಳೇ ಫ್ಲೆಕ್ಸಿನ ಬಿಳಿ ಹಿಂಬದಿ ಆಗುತ್ತೆ, 4 ಅಡಿಗೆ 3 ಅಡಿ. ರಟ್ಟಿನಲ್ಲಿ ಆರು ಮೂಲೆಯ ಅಚ್ಚು ಕತ್ತರಿಸ್ರಿ, ಒಂದೊಂದು ಬದಿ 2.3 ಸೆಂಟಿಮೀಟರ್. ಎದುರುಬದುರು ಬದಿ ನಡುವೆ 4 ಸೆಂಟಿಮೀಟರ್ ಬರುತ್ತೆ, ಉದ್ದಕ್ಕೆ 30 ಮನೆ.

ಗುಂಡಿನ ದೂರ 600 ಮೀಟರ್‌ಗೆ ನಿಲ್ಲಿಸ್ರಿ. ಒಂದೇ ಮೆಟ್ಟಿಲಾದ್ರೆ 3 ಮನೆ, ಒಂದು ಮೆಟ್ಟಿಲು ವ್ಯತ್ಯಾಸ ಇದ್ರೆ 2 ಮನೆ, ಅದಕ್ಕಿಂತ ಹೆಚ್ಚಿದ್ರೆ ಇಲ್ಲ. ತೋಪು ಮೂಗಿನ ದಿಕ್ಕಿಗೇ ನೋಡ್ತಿರೋದ್ರಿಂದ ಕೆಳಗಿನವನಿಗೆ ಹೊಡೀಬೇಕಾದ್ರೆ ಆ ಸುತ್ತಲ್ಲಿ ಇಳಿದಿರಬೇಕು, ಮೇಲಿನವನಿಗಾದ್ರೆ ಮೇಲೇರಿರಬೇಕು. ಈ ಒಂದು ಸಾಲು ಬಿಟ್ಟುಹೋದ್ರೆ ಮಟ್ಟಸವಾಗಿ ಹಾರ್ತಾನೇ ಮೇಲೆ ಕೆಳಗೆ ಎಲ್ಲ ಕಡೆ ಗುಂಡು ಹೊಡೀತಾರೆ.

ವೇಗ 6 ಮೇಲ್ಮಿತಿ. 7 ಅಂದ್ರೆ ಸೆಕೆಂಡಿಗೆ 350 ಮೀಟರ್, ನೆಲದ ಹತ್ತಿರ ಶಬ್ದದ ವೇಗ ಸುಮಾರು 340. 6ರಲ್ಲಿ ಸಿಕ್ಕ ಬೀಜ ಗಾಳಿಗೆ ಹೋಯ್ತು ಅಂತ ವಾಪಸ್ ಹಾಕ್ರಿ. ಕೆಳಗೆ 2 ಮಿತಿ. ವೇಗ 2ರಲ್ಲಿ ಬೀಜ ಇಲ್ಲದೆ ಹತ್ತಿದ್ರೆ ಅಥವಾ ತಿರುಗಿದ್ರೆ ವಿಮಾನ ಆಯ ತಪ್ಪಿ 2 ಮೆಟ್ಟಿಲು ಬೀಳುತ್ತೆ, ಬೀಜ ಸಿಗಲ್ಲ. ಎಕ್ಕದಲ್ಲೋ ಎರಡರಲ್ಲೋ ಇದ್ದಾಗ ಹೀಗಾದ್ರೆ ಎಲೆ ಎತ್ತಿ ಡಬ್ಬಿಗೆ ಹಾಕ್ರಿ.