ಪಿಂಕ್ ಫ್ಲಾಯ್ಡ್: ನಮ್ಮ ಮೆಚ್ಚಿನ ಹಾಡುಗಳಲ್ಲಿ ರಿಕ್ ರೈಟ್ ಪಾಲು

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಅಭಿಮಾನಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಒಂದು ಜಗಳ ಗ್ಯಾರಂಟಿ. ರೋಜರ್ ವಾಟರ್ಸ್ ದೊಡ್ಡವರೋ, ಡೇವಿಡ್ ಗಿಲ್ಮೋರ್ ದೊಡ್ಡವರೋ? ಸಾಹಿತ್ಯ ಬರೆದದ್ದು ವಾಟರ್ಸ್, ಅವರಿಲ್ಲದ ಫ್ಲಾಯ್ಡ್ ಫ್ಲಾಯ್ಡೇ ಅಲ್ಲ ಅಂತ ಒಂದು ಗುಂಪು. ಗಿಲ್ಮೋರ್ ಗಿಟಾರ್ ತೆಗೆದುಬಿಟ್ಟರೆ ಏನು ಉಳಿಯುತ್ತೆ ಹೇಳಿ ಅಂತ ಇನ್ನೊಂದು ಗುಂಪು. 1985ರಲ್ಲಿ ವಾಟರ್ಸ್ ಬ್ಯಾಂಡ್ ಬಿಟ್ಟರು. ಅಲ್ಲಿಂದ ಶುರುವಾದ ಈ ಜಗಳ ಇನ್ನೂ ಮುಗಿದಿಲ್ಲ.

ಇವತ್ತು ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಅದೇ ಜಗಳಗಂಟರನ್ನು ಕೂರಿಸಿ, ನಿಮಗೆ ತುಂಬಾ ಇಷ್ಟವಾದ ಹಾಡು ಯಾವುದು ಅಂತ ಕೇಳಿ. ಕ್ರಮ ಹಿಂದೆ ಮುಂದೆ ಆಗಬಹುದು, ಹೆಸರುಗಳು ಮಾತ್ರ ಅವೇ ಬರುತ್ತವೆ. ‘ಎಕೋಸ್’, ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’, ‘ಟೈಮ್’, ‘ಅಸ್ ಅಂಡ್ ದೆಮ್’, ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’, ‘ವಿಶ್ ಯೂ ವರ್ ಹಿಯರ್’, ‘ಕಂಫರ್ಟಬ್ಲಿ ನಂಬ್’. ಈಗ ಆಲ್ಬಮ್ ಕವರ್ ತಿರುಗಿಸಿ, ಒಂದೊಂದು ಹಾಡಿನ ಪಕ್ಕದಲ್ಲಿ ಯಾರ ಹೆಸರಿದೆ ಅಂತ ನೋಡಿ. ಈ ಏಳರಲ್ಲಿ ಐದು ಕಡೆ ಒಂದು ಹೆಸರು ಇದ್ದೇ ಇರುತ್ತದೆ. ರಿಚರ್ಡ್ ರೈಟ್. ಎಲ್ಲರೂ ಕರೆಯುವಂತೆ ರಿಕ್. ಕೀಬೋರ್ಡ್ ನುಡಿಸುತ್ತಿದ್ದವರು.

ಜಗಳದಲ್ಲಿ ಅವರ ಹೆಸರೇ ಬರುವುದಿಲ್ಲ, ಅಲ್ವಾ? ನಮಗೆ ಪ್ರೀತಿಯಾದ ಹಾಡುಗಳಲ್ಲಿ ಮಾತ್ರ ಅವರು ಕೂತಿದ್ದಾರೆ. ನಾನು ಹೇಳಬೇಕಾದದ್ದು ಅಷ್ಟೇ. ಇನ್ನು ಒಂದೊಂದೇ ಹಾಡು ತೆಗೆದು ತೋರಿಸುತ್ತೇನೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ವಾಟರ್ಸ್, ರೈಟ್ ಮತ್ತು ಡ್ರಮ್ಸ್‌ನ ನಿಕ್ ಮೇಸನ್ ಲಂಡನ್ನಿನಲ್ಲಿ ಆರ್ಕಿಟೆಕ್ಚರ್ ಓದುವಾಗ ಜೊತೆಯಾದವರು. ಕೇಂಬ್ರಿಜ್‌ನಿಂದ ಬಂದ ಸಿಡ್ ಬ್ಯಾರೆಟ್ ಬ್ಯಾಂಡಿಗೆ ಹೆಸರು ಕೊಟ್ಟರು, ಹಾಡು ಕೊಟ್ಟರು. 1967ರ ಮೊದಲ ಆಲ್ಬಮ್ ಹೆಚ್ಚುಕಡಿಮೆ ಅವರದೇ. ಮಾನಸಿಕ ಆರೋಗ್ಯ ಕೆಟ್ಟು, 1968ರಲ್ಲಿ ಅವರು ಹೊರಗಾದರು. ಅವರ ಜಾಗಕ್ಕೆ ಕೇಂಬ್ರಿಜ್‌ನ ಗೆಳೆಯ ಗಿಲ್ಮೋರ್ ಬಂದರು. ಹಾಡು ಬರೆಯುವವರೇ ಹೋದ ಮೇಲೆ ಉಳಿದ ನಾಲ್ವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮೂರು ವರ್ಷ ಕತ್ತಲಲ್ಲಿ ತಡಕಾಡಿದರು. 1968ರ ಕೊನೆಯಲ್ಲಿ ಬಂದ ಒಂದು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಓಡಲಿಲ್ಲ. ಆಮೇಲೆ 1979ರವರೆಗೆ ಬ್ರಿಟನ್ನಿನಲ್ಲಿ ಅವರು ಸಿಂಗಲ್ ಹೊರತರಲೇ ಇಲ್ಲ. ಹಾಗಾಗಿ ನಾವು ಇವತ್ತು ಹಚ್ಚಿಕೊಂಡಿರುವ ಹಾಡುಗಳು ಹೆಚ್ಚಿನವು ರೇಡಿಯೋಗಾಗಿ ಹುಟ್ಟಿದವಲ್ಲ. ಪೂರ್ತಿ ಆಲ್ಬಮ್ ಕೂತು ಕೇಳುವವರಿಗೆ ಸಿಕ್ಕಿದವು.

ಆ ತಡಕಾಟ ಮುಗಿದದ್ದು 1971ರಲ್ಲಿ, ‘ಮೆಡಲ್’ ಆಲ್ಬಮ್ ತಟ್ಟೆಯ ಎರಡನೇ ಬದಿಯಲ್ಲಿ. ಇಡೀ ಬದಿಗೆ ಒಂದೇ ಹಾಡು, 23 ನಿಮಿಷದ ‘ಎಕೋಸ್’. ಸ್ಟುಡಿಯೋಗೆ ಹೋದಾಗ ಅವರ ಕೈಯಲ್ಲಿ ಹಾಡೇ ಇರಲಿಲ್ಲ. ತೋಚಿದ್ದನ್ನು ತುಣುಕು ತುಣುಕಾಗಿ ನುಡಿಸಿ ರೆಕಾರ್ಡ್ ಮಾಡಿದರು. ಆ ತುಣುಕುಗಳಿಗೆ ‘ನಥಿಂಗ್’ ಅಂತಲೇ ಹೆಸರಿಟ್ಟು, ನಂಬರ್ ಹಾಕಿಕೊಂಡು ಹೋದರು. ಹಾಗಿರುವಾಗ ರೈಟ್ ಪಿಯಾನೋದ ಮೇಲಿನ ಸ್ಥಾಯಿಯಲ್ಲಿ ಒಂದೇ ಒಂದು ಸ್ವರ ಒತ್ತಿದರು. ಆ ಪಿಯಾನೋ ಸದ್ದು ಲೆಸ್ಲಿ ಸ್ಪೀಕರ್ ಮೂಲಕ ಹೊರಬರುತ್ತಿತ್ತು. ಲೆಸ್ಲಿ ಅಂದರೆ ಒಳಗೆ ತಿರುಗುವ ಭಾಗ ಇರುವ ಸ್ಪೀಕರ್, ಸದ್ದನ್ನು ಅಲೆಯಾಗಿಸುತ್ತದೆ. ಸಬ್‌ಮರೀನಿನ ಸೋನಾರ್ ಥರ ‘ಪಿಂಗ್’ ಅಂತ ಕೇಳಿಸುವ ಆ ಸ್ವರವೇ ಹಾಡಿನ ಬಾಗಿಲಾಯಿತು.

ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಆ ಸ್ವರ ಒಂಟಿ. ಅದು ಪೂರ್ತಿ ಆರುವವರೆಗೆ ಕಾಯುತ್ತಾರೆ, ಆಮೇಲೆ ಮತ್ತೊಂದು. ನಿಧಾನವಾಗಿ ಗಿಟಾರ್ ಬರುತ್ತದೆ, ಬೇಸ್ ಬರುತ್ತದೆ, ಡ್ರಮ್ಸ್ ಬರುತ್ತದೆ. ಹಾಡು ಶುರುವಾದಾಗ ಗಿಲ್ಮೋರ್ ಮತ್ತು ರೈಟ್ ಇಬ್ಬರ ದನಿ ಒಟ್ಟಿಗೆ ಬರುತ್ತದೆ. ಎಷ್ಟು ಬೆರೆತಿವೆ ಅಂದರೆ ಯಾವುದು ಯಾರದು ಅಂತ ಬಿಡಿಸುವುದು ಕಷ್ಟ. ಸಾಹಿತ್ಯ ವಾಟರ್ಸ್‌ದು. ಹೆಸರು ನಾಲ್ವರದೂ ಇದೆ. ಫ್ಲಾಯ್ಡ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಕೇಳಿಸುವುದು ಇದನ್ನೇ.

ಈಗ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್. 1973ರ ಮಾರ್ಚ್‌ನಲ್ಲಿ ಬಂದದ್ದು, ಸುಮಾರು 43 ನಿಮಿಷ. 1988ರವರೆಗೆ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. ಕಾಲ, ದುಡ್ಡು, ಯುದ್ಧ, ಸಾವು, ಹುಚ್ಚು ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದು ವಾಟರ್ಸ್. ಅದರಲ್ಲಿ ಎರಡು ಮಾತಿಲ್ಲ. ‘ಮನಿ’ ಹಾಡಿನ ತಾಳದ ಏಳರ ಲೆಕ್ಕವೂ ಅವರದೇ. ನಮ್ಮ ಮಿಶ್ರ ಛಾಪು ತಾಳ ಗೊತ್ತಿರುವವರಿಗೆ ಆ ಏಳು ಅಪರಿಚಿತ ಅನ್ನಿಸುವುದಿಲ್ಲ. ತಮಾಷೆಯ ವಿಷಯ ಅಂದರೆ, ಗಿಲ್ಮೋರ್ ಗಿಟಾರ್ ಸೋಲೋ ಬಂದಾಗ ತಾಳ ನಾಲ್ಕಕ್ಕೆ ಇಳಿಯುತ್ತದೆ.

ರೈಟ್ ಕಾಣಿಸುವುದು ಬೇರೆ ಕಡೆ. ‘ಬ್ರೀದ್’ ಹಾಡಿನಲ್ಲಿ ಒಂದು ಕಡೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹೊರಳುತ್ತದೆ. ರಾಕ್ ಸಂಗೀತದಲ್ಲಿ ಆ ಹೊರಳು ಅಪರೂಪ. ಜಾಜ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನಲ್ಲಿ ಕೇಳಿದ ಕಾರ್ಡ್ ಅದು ಅಂತ ರೈಟ್ ಅವರೇ ಹೇಳಿದ್ದಾರೆ. ಜಾಜ್ ಅವರ ಮೊದಲ ಪ್ರೀತಿ. ‘ಟೈಮ್’ ತೆಗೆದುಕೊಳ್ಳಿ. ಗಡಿಯಾರಗಳ ಗದ್ದಲ ಎಲ್ಲರಿಗೂ ನೆನಪಿರುತ್ತದೆ. ಇಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಯಲ್ಲಿ ಒಂದೊಂದನ್ನೇ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ತಂದದ್ದು ಅದು. ಆಮೇಲೆ ಗಿಲ್ಮೋರ್ ದನಿ ಗಡುಸಾಗಿ ಬರುತ್ತದೆ. ಅದು ಮುಗಿದ ಕೂಡಲೇ ಮೆತ್ತಗಿನ ಇನ್ನೊಂದು ದನಿ ಬರುತ್ತದಲ್ಲ, ಅದು ರೈಟ್. ಬೈಗುಳ ಕೇಳಿಸಿಕೊಂಡ ಮೇಲೆ ಯಾರೋ ಪಕ್ಕದಲ್ಲಿ ಕೂತು ಸಮಾಧಾನವಾಗಿ ಅದೇ ಮಾತು ಹೇಳಿದ ಹಾಗಿರುತ್ತದೆ. ಆ ಎರಡು ದನಿ ಇರುವುದರಿಂದಲೇ ಆ ಹಾಡು ಅಷ್ಟು ತಾಗುತ್ತದೆ.

‘ಅಸ್ ಅಂಡ್ ದೆಮ್’ ಮೊದಲು ಸುಮ್ನೆ ಒಂದು ಪಿಯಾನೋ ತುಣುಕು. ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ‘ಜಬ್ರಿಸ್ಕಿ ಪಾಯಿಂಟ್’ ಸಿನಿಮಾಗಾಗಿ ರೈಟ್ ಮಾಡಿದ್ದರು. ಆಂಟೋನಿಯೋನಿಗೆ ಹಿಡಿಸಲಿಲ್ಲ. ಮೂರು ವರ್ಷ ಹಾಗೇ ಬಿದ್ದಿದ್ದ ಆ ತುಣುಕಿಗೆ ವಾಟರ್ಸ್ ಯುದ್ಧದ ಮಾತು ಸೇರಿಸಿದರು. ಗಲಭೆಯ ದೃಶ್ಯಕ್ಕೆ ಅಂತ ಬರೆದ ಸಂಗೀತ ಎಷ್ಟು ನಿಧಾನ, ಎಷ್ಟು ದುಃಖದ್ದು ನೋಡಿ.

‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1972ರಲ್ಲಿ ಈ ಆಲ್ಬಮ್ಮನ್ನು ವೇದಿಕೆಯ ಮೇಲೆ ನುಡಿಸುತ್ತಿದ್ದಾಗ ಇದರ ಜಾಗದಲ್ಲಿ ರೈಟ್ ಅವರ ಆರ್ಗನ್, ಅದರ ಮೇಲೆ ಬೈಬಲ್ ಓದುವ ಟೇಪು ಇತ್ತು. ಸಾವಿನ ಕುರಿತ ಭಾಗ ಅಂತ ಗೊತ್ತಿತ್ತು, ಸರಿಯಾಗಿ ಕೂಡಿಬಂದಿರಲಿಲ್ಲ. ಆಮೇಲೆ ರೈಟ್ ಪಿಯಾನೋಗೆ ಬಂದರು. ಆದರೂ ಏನೋ ಸಾಲದು ಅನ್ನಿಸಿತು. 1973ರ ಜನವರಿಯ ಒಂದು ಭಾನುವಾರ ಅಲನ್ ಪಾರ್ಸನ್ಸ್ ಹೇಳಿದ್ದರಿಂದ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಆ್ಯಬಿ ರೋಡ್ ಸ್ಟುಡಿಯೋಗೆ ಕರೆಸಿದರು. ಹಾಡಲು ಸಾಹಿತ್ಯ ಇಲ್ಲ, ಟ್ಯೂನ್ ಇಲ್ಲ. ಸಾವಿನ ಬಗ್ಗೆ, ಏನಾದರೂ ಹಾಡಿ ಅಂದರು. ಆಕೆ ಮೊದಲು ‘ಬೇಬಿ ಬೇಬಿ’ ಅಂತ ಶುರು ಮಾಡಿದರು. ಮಾತು ಬೇಡ ಅಂದರು. ಹಾಗಾದರೆ ನನ್ನ ದನಿಯೂ ಒಂದು ವಾದ್ಯ ಅಂದುಕೊಳ್ಳುತ್ತೇನೆ ಅಂತ ಆಕೆ ನಿರ್ಧರಿಸಿದರು. ಕೆಲವೇ ಟೇಕುಗಳಲ್ಲಿ ಕೆಲಸ ಮುಗಿಯಿತು. ಜಾಸ್ತಿ ಕಿರುಚಿಬಿಟ್ಟೆನೇನೋ ಅಂತ ಆಕೆಗೆ ಮುಜುಗರವಾಗಿತ್ತು. 30 ಪೌಂಡ್ ಸಂಭಾವನೆ ತೆಗೆದುಕೊಂಡು ಹೊರಟರು.

ಆಲಾಪನೆ ಕೇಳಿ ಬೆಳೆದವರಿಗೆ ಮಾತಿಲ್ಲದ ದನಿ ಎಲ್ಲಿಗೆ ಮುಟ್ಟುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಟೋರಿ ದನಿ ಏರುವಾಗ ರೈಟ್ ಪಿಯಾನೋ ಏನು ಮಾಡುತ್ತದೆ ಅಂತ ಗಮನಿಸಿ. ಪೈಪೋಟಿಗೆ ಇಳಿಯುವುದಿಲ್ಲ. ಪಕ್ಕವಾದ್ಯದವರು ಗಾಯಕರಿಗೆ ಜಾಗ ಬಿಡುತ್ತಾರಲ್ಲ, ಹಾಗೆ ಹಿಂದೆ ಸರಿದು ಕಾರ್ಡ್ ಹಿಡಿದು ನಿಲ್ಲುತ್ತದೆ. ಎಷ್ಟೋ ವರ್ಷ ಈ ಹಾಡಿನ ಪಕ್ಕ ರೈಟ್ ಹೆಸರೊಂದೇ ಇತ್ತು. ಟೋರಿ ಕೋರ್ಟಿಗೆ ಹೋದ ಮೇಲೆ, 2005ರಲ್ಲಿ ರಾಜಿಯಾಗಿ, ಅವರ ಹೆಸರೂ ಸೇರಿತು. ಅದು ಸರಿಯಾಗಿಯೇ ಆಯಿತು. ಆ ರಾಗವನ್ನು ಆ ಕ್ಷಣದಲ್ಲಿ ಕಟ್ಟಿದ್ದು ಆಕೆ.

1975ರ ‘ವಿಶ್ ಯೂ ವರ್ ಹಿಯರ್’ ಆಲ್ಬಮ್ ಅನೇಕ ಹಳೇ ಅಭಿಮಾನಿಗಳಿಗೆ ‘ಡಾರ್ಕ್ ಸೈಡ್’ಗಿಂತ ಹತ್ತಿರ. ನನಗೂ ಹಾಗೇ. ಸಿಡ್ ಬ್ಯಾರೆಟ್ ನೆನಪಿಗೆ ಮಾಡಿದ ‘ಶೈನ್ ಆನ್’ ಒಂಬತ್ತು ಭಾಗದ ಹಾಡು, ಆಲ್ಬಮ್ಮಿನ ಎರಡು ತುದಿಯಲ್ಲೂ ಇದೆ. ಶುರುವಿಗೆ ರೈಟ್ ಅವರ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್, ಒಂದೇ ಕಾರ್ಡ್ ಮೇಲೆ ನಿಂತಿರುತ್ತದೆ. ಜೊತೆಗೆ ವೈನ್ ಗ್ಲಾಸಿನ ಅಂಚು ಉಜ್ಜಿ ತೆಗೆದ ಸದ್ದು. ಮನೆಯ ಸಾಮಾನುಗಳಿಂದಲೇ ಒಂದು ಆಲ್ಬಮ್ ಮಾಡಬೇಕು ಅಂತ ಹೊರಟು ಕೈಬಿಟ್ಟ ಕೆಲಸದಿಂದ ಉಳಿದದ್ದು ಅದು. ಸುಮಾರು ನಾಲ್ಕು ನಿಮಿಷ ಹೀಗೇ ಹೋಗುತ್ತದೆ. ಆಗ ಗಿಲ್ಮೋರ್ ಅವರ ಆ ನಾಲ್ಕು ಸ್ವರ. ಮೊದಲ ಮಾತು ಕೇಳಿಸುವುದು ಎಂಟು ನಿಮಿಷ ದಾಟಿದ ಮೇಲೆ. ಆ ನಾಲ್ಕು ಸ್ವರಕ್ಕೆ ಮೈ ಜುಮ್ಮೆನ್ನುತ್ತೆ ಅನ್ನುವವರು ಅದರ ಹಿಂದಿನ ನಾಲ್ಕು ನಿಮಿಷಕ್ಕೂ ಋಣಿಯಾಗಿರಬೇಕು.

1975ರ ಜೂನ್‌ನಲ್ಲಿ ಈ ಆಲ್ಬಮ್ ಕೆಲಸ ನಡೆಯುತ್ತಿದ್ದಾಗ ಬ್ಯಾರೆಟ್ ತಾವಾಗಿಯೇ ಸ್ಟುಡಿಯೋಗೆ ಬಂದರು. ದಪ್ಪಗಾಗಿದ್ದರು, ತಲೆ ಹುಬ್ಬು ಎರಡೂ ಬೋಳಿಸಿದ್ದರು. ಜೊತೆಗೆ ಬೆಳೆದವರೇ ಮೊದಲು ಗುರುತು ಹಿಡಿಯಲಿಲ್ಲ. ಈ ಕಥೆ ಎಲ್ಲ ಅಭಿಮಾನಿಗಳಿಗೂ ಬಾಯಿಪಾಠ. ಕಡಿಮೆ ಜನ ಗಮನಿಸುವುದು ಆಲ್ಬಮ್ಮಿನ ಕಟ್ಟಕಡೆಯ ಭಾಗವನ್ನು. ಒಂಬತ್ತನೆಯ ಭಾಗ ರೈಟ್ ಒಬ್ಬರದೇ. ಸದ್ದು ಆರುತ್ತಾ ಹೋಗುವಾಗ ಕೀಬೋರ್ಡಿನಲ್ಲಿ ‘ಸೀ ಎಮಿಲಿ ಪ್ಲೇ’ ಹಾಡಿನ ಒಂದು ಎಳೆ ಬಂದು ಹೋಗುತ್ತದೆ. 1967ರಲ್ಲಿ ಬ್ಯಾರೆಟ್ ಬರೆದ ಹಾಡು ಅದು. ವಾಟರ್ಸ್ ಗೆಳೆಯನನ್ನು ಮಾತಿನಲ್ಲಿ ಕರೆದರು, ಗಿಲ್ಮೋರ್ ಗಿಟಾರ್‌ನಲ್ಲಿ. ರೈಟ್, ಬ್ಯಾರೆಟ್ ಬರೆದ ಹಾಡನ್ನೇ ಬ್ಯಾರೆಟ್‌ಗೆ ವಾಪಸ್ ಕೊಟ್ಟರು.

ಇಲ್ಲಿಂದ ಚಿತ್ರ ಬದಲಾಗುತ್ತದೆ. 1977ರ ‘ಅನಿಮಲ್ಸ್’ ಆಲ್ಬಮ್ಮಿನಲ್ಲಿ ರೈಟ್ ಹೆಸರು ಒಂದು ಹಾಡಿಗೂ ಇಲ್ಲ. ‘ಶೀಪ್’ ಹಾಡಿನ ಆರಂಭದ ಆ ಚೆಂದದ ಎಲೆಕ್ಟ್ರಿಕ್ ಪಿಯಾನೋ ಅವರು ನುಡಿಸಿದ್ದು, ಹೆಸರು ಮಾತ್ರ ವಾಟರ್ಸ್ ಒಬ್ಬರದು. 1979ರ ‘ದಿ ವಾಲ್’ ತಯಾರಾಗುವಾಗ ರೈಟ್ ಅವರನ್ನು ವಾಟರ್ಸ್ ಬ್ಯಾಂಡಿನಿಂದಲೇ ಹೊರಗೆ ಕಳಿಸಿದರು. ಆಮೇಲಿನ ಕಾರ್ಯಕ್ರಮಗಳಲ್ಲಿ ರೈಟ್ ಸಂಬಳದ ಮೇಲೆ ನುಡಿಸಿದರು. ಆ ಪ್ರವಾಸದ ವೆಚ್ಚ ವಿಪರೀತ. ಮಾಲೀಕರಾಗಿದ್ದ ಮೂವರೂ ನಷ್ಟ ಮಾಡಿಕೊಂಡರು, ಸಂಬಳದವರಿಗೆ ದುಡ್ಡು ಉಳಿಯಿತು.

ಹಾಗಾದರೆ ‘ಕಂಫರ್ಟಬ್ಲಿ ನಂಬ್’ ಕಥೆ ಏನು ಅಂತ ನೀವು ಕೇಳಬಹುದು. ಕೇಳಲೇಬೇಕು. ಅದು ಗಿಲ್ಮೋರ್-ವಾಟರ್ಸ್ ಹಾಡು, ಬಹಳ ಜನರ ಪಟ್ಟಿಯಲ್ಲಿ ಮೊದಲನೆಯದು. ಒಂದು ಕಾರ್ಯಕ್ರಮಕ್ಕೆ ಮುಂಚೆ ಹೊಟ್ಟೆನೋವಿಗೆ ಡಾಕ್ಟರ್ ಕೊಟ್ಟ ಇಂಜೆಕ್ಷನ್ನಿನಿಂದ ಕೈಗೆ ಸ್ಪರ್ಶವೇ ಇಲ್ಲದಂತಾದ ಅನುಭವವನ್ನು ವಾಟರ್ಸ್ ಬರೆದರು. ಟ್ಯೂನ್ ಗಿಲ್ಮೋರ್‌ದು. ಹಾಡು ಆರ್ಕೆಸ್ಟ್ರಾ ಜೊತೆ ಇರಬೇಕೋ, ಗಡುಸಾಗಿ ಇರಬೇಕೋ ಅಂತ ಇಬ್ಬರೂ ಕಿತ್ತಾಡಿದರು. ಕೊನೆಗೆ ಎರಡನ್ನೂ ಸೇರಿಸಿದರು. ಡಾಕ್ಟರ್ ಮಾತಾಡುವ ಭಾಗ ವಾಟರ್ಸ್ ದನಿ, ರೋಗಿಯದು ಗಿಲ್ಮೋರ್ ದನಿ. ಇಲ್ಲಿ ರೈಟ್ ಕೊಡುಗೆ ದೊಡ್ಡದು ಅಂತ ನಾನು ವಾದಿಸುವುದಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಬೇಕಾಗಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ‘ದಿ ವಾಲ್’ ದೊಡ್ಡ ಆಲ್ಬಮ್. ಆದರೆ ಅದರಲ್ಲಿ ಉಸಿರಾಡಲು ಜಾಗ ಕಡಿಮೆ. 1983ರ ‘ದಿ ಫೈನಲ್ ಕಟ್’ನಲ್ಲಿ ರೈಟ್ ಇಲ್ಲವೇ ಇಲ್ಲ. ಮಾತು ತುಂಬಿಕೊಂಡಿದೆ, ಮಾತಿನ ನಡುವೆ ಏನೂ ಇಲ್ಲ. ಅದನ್ನು ಪ್ರೀತಿಸುವವರು ಈ ಸಭೆಯಲ್ಲೂ ಇದ್ದೀರಿ, ನನಗೆ ಅದು ಒಗ್ಗಲಿಲ್ಲ.

2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದರು. ನಮ್ಮೂರಿನ ರಾಕ್ ಪ್ರೇಮಿಗಳಿಗೆ ಅದು ಹಬ್ಬ. ಅಂದು ರೈಟ್ ನುಡಿಸಬೇಕಾದ ಭಾಗಗಳನ್ನು ಬೇರೆಯವರು ನುಡಿಸಿದರು. ನಾಲ್ವರನ್ನೂ ಒಟ್ಟಿಗೆ ನೋಡುವ ಭಾಗ್ಯ ಜಗತ್ತಿಗೆ ಸಿಕ್ಕಿದ್ದು 2005ರ ಜುಲೈ 2ರಂದು, ಲಂಡನ್ನಿನ ಹೈಡ್ ಪಾರ್ಕ್‌ನ ಲೈವ್ 8 ಸಂಗೀತ ಕಾರ್ಯಕ್ರಮದಲ್ಲಿ. 24 ವರ್ಷದ ನಂತರ. ಮುಂದಿನ ವರ್ಷ ಬ್ಯಾರೆಟ್ ತೀರಿಕೊಂಡರು. 2008ರ ಸೆಪ್ಟೆಂಬರ್‌ನಲ್ಲಿ ರೈಟ್ ಹೋದರು, 65 ವರ್ಷಕ್ಕೆ.

1971ರಲ್ಲಿ ಫ್ಲಾಯ್ಡ್ ಇಟಲಿಯ ಪಾಂಪೇಯ ಹಳೇ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರೇ ಇಲ್ಲದೆ ‘ಎಕೋಸ್’ ನುಡಿಸಿದ್ದನ್ನು ನೀವು ನೋಡಿರುತ್ತೀರಿ. 2016ರಲ್ಲಿ ಗಿಲ್ಮೋರ್ ಅದೇ ಜಾಗಕ್ಕೆ ಮತ್ತೆ ಹೋದರು, ಈ ಸಲ ಜನರ ಮುಂದೆ. ‘ಗ್ರೇಟ್ ಗಿಗ್’ ನುಡಿಸಿದರು. ‘ಎಕೋಸ್’ ನುಡಿಸಲಿಲ್ಲ. ರಿಕ್ ಇಲ್ಲದೆ ಅದನ್ನು ನುಡಿಸುವುದಿಲ್ಲ ಅಂತ ಅವರ ನಿಲುವು. ಗಿಲ್ಮೋರ್ ಪಕ್ಷದವರು ಈ ಒಂದು ವಿಷಯವನ್ನಾದರೂ ಅವರಿಂದ ಕಲಿಯಬಹುದು.

ಪ್ರಶ್ನೆಗಳಿಗೆ ಮುಂಚೆ ಒಂದು ಹಾಡು ಹಾಕುತ್ತೇನೆ. 1994ರ ‘ದಿ ಡಿವಿಷನ್ ಬೆಲ್’ ಅಂದರೆ ಎಲ್ಲರೂ ‘ಹೈ ಹೋಪ್ಸ್’ ಕೇಳಿ ಮುಗಿಸುತ್ತಾರೆ. ವಾಟರ್ಸ್ ಹೋದ ಮೇಲೆ ರೈಟ್ ಬ್ಯಾಂಡಿಗೆ ಮರಳಿದ್ದರು, ಅದೇ ಆಲ್ಬಮ್ಮಿನಲ್ಲಿ ‘ವೇರಿಂಗ್ ದಿ ಇನ್‌ಸೈಡ್ ಔಟ್’ ಇದೆ. ರಾಗ ರೈಟ್‌ದು, ಹಾಡಿದ್ದೂ ರೈಟ್. ‘ಡಾರ್ಕ್ ಸೈಡ್’ ನಂತರ ಫ್ಲಾಯ್ಡ್ ಆಲ್ಬಮ್ಮಿನಲ್ಲಿ ಅವರ ದನಿ ಹೀಗೆ ಮುಂದೆ ಬಂದದ್ದು ಇಲ್ಲೇ. ಸ್ಯಾಕ್ಸೋಫೋನ್ ನುಡಿಸಿರುವುದು ಡಿಕ್ ಪ್ಯಾರಿ, ‘ಅಸ್ ಅಂಡ್ ದೆಮ್’ನಲ್ಲಿ ನುಡಿಸಿದವರೇ. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲದಿದ್ದರೆ, ದಯವಿಟ್ಟು ಸ್ವಲ್ಪ ಜಾಗ ಮಾಡಿಕೊಡಿ.