ಲಿಫ್ಟಿಗೆ ಮುಂಚೆ ಸ್ಟ್ರೆಚರ್ ಅಳೆಯಿರಿ

ಕೇಳುಗರಿಗೆ ನಮಸ್ಕಾರ.

ನಮ್ಮದು ಬೆಂಗಳೂರಿನಲ್ಲಿ ನಾಲ್ಕು ಮಹಡಿಯ ಸಣ್ಣ ಅಪಾರ್ಟ್‌ಮೆಂಟು. ಮೂರನೇ ಮಹಡಿಯ ಅಜ್ಜಿ ಒಂದು ರಾತ್ರಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆಂಬುಲೆನ್ಸ್ ಹುಡುಗರು ಸ್ಟ್ರೆಚರನ್ನು ಲಿಫ್ಟಿನ ಬಾಗಿಲಲ್ಲಿ ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡಿದರು. ಊಹೂಂ. ಹೊತ್ತುಕೊಂಡೇ ಮೆಟ್ಟಿಲಿಳಿದರು, ಪ್ರತಿ ತಿರುವಿನಲ್ಲೂ ಅಜ್ಜಿಯ ನರಳಾಟ. ಲಿಫ್ಟಿನೊಳಗೆ ಕನ್ನಡಿ, ಸಂಗೀತ, ಫಳಫಳ ಸ್ಟೀಲು ಎಲ್ಲ ಇತ್ತು; ಮಲಗಿದ ಮನುಷ್ಯರಿಗೆ ಜಾಗ ಇರಲಿಲ್ಲ.

ಎಂಟು ಜನರ ಲಿಫ್ಟ್ ಅಂತಾರಲ್ಲ, ಅದು ತೂಕದ ಮಾತು. ತಲೆಗೆ 68 ಕಿಲೋ, ಒಟ್ಟು 544. ಒಳ ಅಳತೆ ಸಾಮಾನ್ಯವಾಗಿ 1300ಕ್ಕೆ 1100 ಮಿಲಿಮೀಟರ್. ಆರಡಿಯ ಸ್ಟ್ರೆಚರ್ ಅಲ್ಲಿ ಓರೆಯಾಗಿಯೂ ಹಿಡಿಸದು. 13 ಜನರ ಲಿಫ್ಟನ್ನು ಎರಡು ಮೀಟರ್ ಆಳಕ್ಕೆ ಮಾಡಿಸಿದರೆ ನೇರ ಒಳಹೋಗುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ ತರೋಣ ಅಂತೀರಿ. ನಿಜ. ಹಾಗಾದರೆ ಮೆಟ್ಟಿಲ ತಿರುವನ್ನಾದರೂ ಅಗಲ ಮಾಡಿ.

ಮೇಸ್ತ್ರಿ ಅಂದಾಜಿಗೆ ಐದಡಿ ಶಾಫ್ಟ್, ಅಂದರೆ ಲಿಫ್ಟ್ ಓಡುವ ಗೂಡು, ಎಬ್ಬಿಸಿದ ಮೇಲೆ ಲಿಫ್ಟಿನವರನ್ನು ಕರೆಯುವುದು ನಮ್ಮ ರೂಢಿ. ಹೊಲಿದ ಅಂಗಿಗೆ ಮೈ ಹುಡುಕಿದ ಹಾಗೆ! ಆ ಐದಡಿಯಲ್ಲೇ ಲಿಫ್ಟಿನ ಪೆಟ್ಟಿಗೆ ಜಾರುವ ಗೈಡ್ ರೈಲು, ಪೆಟ್ಟಿಗೆಯ ಭಾರ ಸರಿದೂಗಿಸುವ ಎದುರುತೂಕ, ಸರಿಯುವ ಬಾಗಿಲು ಎಲ್ಲ ಕೂರಬೇಕು. ಅಡಿಯಲ್ಲಿ ಪಿಟ್, ಅಂದರೆ ಗುಂಡಿ, ಬೇರೆ. ನಮ್ಮದರಲ್ಲಿ ಅಕ್ಟೋಬರ್ ಮಳೆಗೆ ನೀರು ಒಸರಿ, ಪೆಟ್ಟಿಗೆಯ ಹೊಡೆತ ತಡೆಯುವ ಬಫರ್ ಸ್ಪ್ರಿಂಗ್ ತುಕ್ಕು ಹಿಡಿದು, ಕಪ್ಪೆ ಕೂಗುತ್ತಿತ್ತು. ವಾಟರ್‌ಪ್ರೂಫಿಂಗ್ ಕಟ್ಟುವವರದೋ ಲಿಫ್ಟಿನವರದೋ, ಕರಾರಿನಲ್ಲಿ ಯಾರೂ ಬರೆದಿರಲಿಲ್ಲ.

ಹಗ್ಗ ತುಂಡಾದರೆ ಗತಿ ಏನು ಅಂತ ಎಲ್ಲರೂ ಕೇಳುತ್ತಾರೆ. ಲಿಫ್ಟಿಗೆ ಸುರಕ್ಷಾ ಬ್ರೇಕ್ ಮಾಡಿದ ಅಮೆರಿಕದ ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನಲ್ಲಿ ಜನರೆದುರು ತಾನು ನಿಂತ ಲಿಫ್ಟಿನ ಹಗ್ಗ ಕಡಿಸಿ, ಬೀಳದೆ ನಿಂತು ತೋರಿಸಿದ. ಈಗ ವೇಗ ಮಿತಿ ಮೀರಿದರೆ ಗವರ್ನರ್ ಎಂಬ ವೇಗ ಕಾಯುವ ಸಾಧನ ಎಳೆದು, ಪೆಟ್ಟಿಗೆಯ ಇಕ್ಕಳಗಳು ಗೈಡ್ ರೈಲನ್ನು ಕಚ್ಚುತ್ತವೆ. ನನ್ನ ಭಯವೆಲ್ಲ ಬಾಗಿಲಿನದು. ಲಾಕ್ ಕೈಕೊಟ್ಟಾಗ ವೈರ್ ಸೇರಿಸಿ ಬೈಪಾಸ್ ಮಾಡಿ, "ಸದ್ಯಕ್ಕೆ ಓಡಲಿ ಸಾರ್" ಅನ್ನುವ ಮೆಕ್ಯಾನಿಕ್ಕನ್ನು ಒಳಗೆ ಬಿಡಬೇಡಿ. ಬಾಗಿಲು ತೆರೆಯುತ್ತೆ, ಪೆಟ್ಟಿಗೆ ಅಲ್ಲಿರಲ್ಲ.

ಕರೆಂಟ್ ಹೋದರೆ ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ತಂದು ಬಿಡುವ ಎಆರ್‌ಡಿ ಎಂಬ ಸಾಧನ ಇರಲಿ. ಸಂಗೀತದ ದುಡ್ಡು ಅದಕ್ಕೆ ಹಾಕಿ.

ಇನ್ನು ಕಾಗದ. ಕರ್ನಾಟಕದಲ್ಲಿ 2012ರ ಲಿಫ್ಟ್ ಕಾಯ್ದೆ ಇದೆ. ಕೂರಿಸುವ ಮುಂಚೆ ಅನುಮತಿ, ಓಡಿಸುವ ಮುಂಚೆ ಲೈಸೆನ್ಸು, ಎರಡಕ್ಕೂ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಬೇಕು. ನಿಮ್ಮ ಲೈಸೆನ್ಸ್ ಎಲ್ಲಿದೆ ಎಂದು ಸಂಘದವರನ್ನು ಒಮ್ಮೆ ಕೇಳಿ. ನಮ್ಮದು ವಾಚ್‌ಮನ್ ರೂಮಿನ ಹಳೇ ಕ್ಯಾಲೆಂಡರ್ ಹಿಂದೆ ಸಿಕ್ಕಿತು.

ನಮಸ್ಕಾರ.